ಮನೆಯಲ್ಲಿಲ್ಲದ ಪಿಯಾನೋ

ತಪ್ಪೆಲ್ಲ ಕತ್ತಿನದು ಎಂದು ಇಶ್ತಿಯಾಕ್ ತೀರ್ಮಾನಿಸಿಕೊಂಡ. ಬಾಯಿ ಏನೂ ಹೇಳಿರಲಿಲ್ಲ. ಬಾಯಿಯಲ್ಲಿ ಆಗ ಬಿರಿಯಾನಿ ಇತ್ತು. ತಿಂಗಳ ಹಿಂದೆ ಲಿಂಗಸುಗೂರಿನ ಶಾದಿಮಹಲಿನಲ್ಲಿ ಊಟಕ್ಕೆ ಕೂತಾಗ, ಪಕ್ಕದಲ್ಲಿದ್ದ ಅಲ್ಲಾಭಕ್ಷ್ ಮಾಮು ಎದುರಿಗಿದ್ದ ಮುದಗಲ್ಲಿನ ಪಾತ್ರೆ ವ್ಯಾಪಾರಿ ಖಾದರಬಾಷಾರಿಗೆ, "ನಮ್ಮಕ್ಕನ ಮಗ ರೀ. ಸಿಂಧನೂರಾಗ ರೆಕಾರ್ಡಿಂಗ್ ಅಂಗಡಿ ಐತಿ. ಪಿಯಾನೋ ಬಾರಿಸ್ತಾನ" ಎಂದಿದ್ದರು. ಖಾದರಬಾಷಾ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, "ಪಿಯಾನೋ? ಮನ್ಯಾಗ ಐತೇನು?" ಎಂದು ನೇರ ಇವನನ್ನೇ ಕೇಳಿದ್ದರು. ಆಗ ಈ ಕತ್ತು, ಯಾರನ್ನೂ ಒಂದು ಮಾತೂ ಕೇಳದೆ, ಮೇಲೆ ಕೆಳಗೆ ಮೂರು ಸಲ ಆಡಿತ್ತು. ಈಗ ಕನ್ನಡಿಯ ಮುಂದೆ ಗಡ್ಡ ಟ್ರಿಮ್ ಮಾಡಿಕೊಳ್ಳುತ್ತ ಇಶ್ತಿಯಾಕ್ ಅದೇ ಕತ್ತನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ. ನೋಡಲಿಕ್ಕೆ ಬಡಪಾಯಿ ಕತ್ತು. ಆದರೆ ಅದು ಮಾಡಿಟ್ಟ ಕೆಲಸಕ್ಕೆ ಇವತ್ತು ಮುದಗಲ್ಲಿನಿಂದ ಹುಡುಗನನ್ನು ನೋಡಲೆಂದು ಒಂದು ಕಾರು ಹೊರಟಿತ್ತು.

ಇಲ್ಲ ಎನ್ನಲು ತಿಂಗಳಿಡೀ ಸಮಯವಿತ್ತು. ಖಾದರಬಾಷಾರ ನಂಬರು ಮೊಬೈಲಿನಲ್ಲೇ ಇತ್ತು. ಒಮ್ಮೆ "ಪಿಯಾನೋ ಇರೋದು ಕಂಪ್ಯೂಟರಿನೊಳಗೆ" ಎಂದು ಟೈಪ್ ಮಾಡಿ, ಓದಿ, ಹುಚ್ಚನ ಮೆಸೇಜಿನ ಹಾಗೆ ಕಂಡು ಅಳಿಸಿದ್ದ. ಇನ್ನೊಮ್ಮೆ ಫೋನೇ ಹಚ್ಚಿ, ಅವರು "ಹಲೋ" ಎಂದೊಡನೆ ಕಟ್ ಮಾಡಿದ್ದ. ಅದಕ್ಕೆಲ್ಲ ಕಾರಣ ಕೌಸರ್. ಅದೇ ಮದುವೆಯಲ್ಲಿ ನಿಖಾ ಮುಗಿದು ಯಾರೋ ಮೈಕು ಹಿಡಿದಾಗ ಅದು ಕಿವಿ ಹರಿಯುವಂತೆ ಕೂಗಿಕೊಂಡಿತ್ತು. ಮಹಲಿಗೆ ಮಹಲೇ ಕಿವಿ ಮುಚ್ಚಿಕೊಂಡಿತು. ಹೆಂಗಸರ ಕಡೆ, ಸಾಸಿವೆ ಬಣ್ಣದ ದುಪಟ್ಟಾದ ಒಬ್ಬಳು ಮಾತ್ರ ಕಿವಿ ಮುಚ್ಚದೆ, ಆ ದನಿ ಯಾವ ಡಬ್ಬಿಯಿಂದ ಬಂತು ಎಂದು ಕತ್ತು ಚಾಚಿ ಹುಡುಕುತ್ತಿದ್ದಳು. ಅವಳೇ ಕೌಸರ್, ಖಾದರಬಾಷಾರ ಮಗಳು, ಬಿಎ ಮುಗಿಸಿ ಅಪ್ಪನ ಅಂಗಡಿಯಲ್ಲಿ ಕೂತು, ಗಿರಾಕಿಗಳು ಕೊಂಡ ಸ್ಟೀಲಿನ ಪಾತ್ರೆಗಳ ಮೇಲೆ ಜುರ್ರೆನ್ನುವ ಮಷಿನ್ ಹಿಡಿದು ಹೆಸರು ಬರೆಯುತ್ತಾಳೆ ಎಂದು ಆಮೇಲೆ ಗೊತ್ತಾಯಿತು. ಇಶ್ತಿಯಾಕನಿಗೆ ಅವಳು ಬೇಕಾಗಿದ್ದಳು. ಮೂವತ್ತೊಂದು ವರ್ಷದಲ್ಲಿ ಯಾವುದೂ ಇಷ್ಟು ಬೇಕೆನಿಸಿರಲಿಲ್ಲ. ಒಂದು ಸಲ ಇಲ್ಲವೆಂದರೆ ಹೋಗಿಬಿಡುತ್ತಾಳೆ ಎಂಬ ಹೆದರಿಕೆಯಲ್ಲಿ, ಇಲ್ಲದ ಪಿಯಾನೋವನ್ನು ಅವನು ದಿನದಿನಕ್ಕೆ ದೊಡ್ಡದು ಮಾಡುತ್ತ ಬಂದಿದ್ದ.

ಇಲ್ಲದ್ದು ಎಂದರೂ ಸುಳ್ಳೇ. ಇತ್ತು, ಆದರೆ ಯಾರಿಗೂ ತೋರಿಸಲು ಬಾರದ ಹಾಗೆ ಇತ್ತು. ಅವನ ಅಂಗಡಿಯ ಕೆಲಸ ಆಟೋ ಪ್ರಚಾರದ ರೆಕಾರ್ಡಿಂಗ್. "ಬನ್ನಿ, ಬನ್ನಿ, ಸಿಂಧನೂರಿನ ಮಹಾಜನತೆಯೇ" ಎಂದು ಬೀಜದಂಗಡಿಗೂ ಸೀರೆಯಂಗಡಿಗೂ ಅದೇ ಉಸಿರಿನಲ್ಲಿ ಕೂಗಿ ಕೊಟ್ಟು, ಉಳಿದ ಹೊತ್ತಿನಲ್ಲಿ ಲ್ಯಾಪ್‌ಟಾಪಿನೊಳಗಿನ ಆ ಪಿಯಾನೋ ಬಿಚ್ಚಿ ಕೂರುತ್ತಿದ್ದ. ಬೇರೆ ಸಾಫ್ಟ್‌ವೇರುಗಳಲ್ಲಿ ಯಾರೋ ಎಲ್ಲೋ ನಿಜವಾದ ಪಿಯಾನೋ ಬಾರಿಸಿ ರೆಕಾರ್ಡ್ ಮಾಡಿಟ್ಟ ದನಿ ಇರುತ್ತದೆ. ಒತ್ತಿದರೆ ಅದೇ ಹೊರಗೆ ಬರುತ್ತದೆ. ಇದರಲ್ಲಿ ಹಾಗೆ ಬಾರಿಸಿಟ್ಟ ದನಿಯೇ ಇಲ್ಲ. ತಂತಿ ಎಷ್ಟುದ್ದ, ಎಷ್ಟು ದಪ್ಪ, ಬಡಿಯುವ ಸುತ್ತಿಗೆ ಮೆತ್ತಗೋ ಗಟ್ಟಿಯೋ, ತಂತಿಗೆ ಎಲ್ಲಿ ಬಡಿಯಬೇಕು, ಕೆಳಗಿನ ಹಲಗೆ ಎಷ್ಟು ಕಂಪಿಸಬೇಕು ಎಂದು ಹೇಳಿದರೆ, ಅಂಥ ಒಂದು ವಸ್ತು ಇದ್ದಿದ್ದರೆ ಹೇಗೆ ನುಡಿಯುತ್ತಿತ್ತೋ ಹಾಗೆ ನುಡಿಯುತ್ತದೆ. ಇಶ್ತಿಯಾಕ್ ಜನ್ಮದಲ್ಲಿ ನಿಜವಾದ ಪಿಯಾನೋ ಮುಟ್ಟಿದವನಲ್ಲ. ಆದ್ದರಿಂದ ಪಿಯಾನೋ ಹೇಗಿರಬೇಕು ಎಂಬ ಮುಲಾಜೂ ಅವನಿಗಿರಲಿಲ್ಲ. ತಂತಿಯನ್ನು ಹತ್ತು ಮೀಟರಿಗೆ ಎಳೆದು, ಸುತ್ತಿಗೆಗೆ ಹತ್ತಿಯ ಮೆದುವು ಕೊಟ್ಟು, ಕಾಲುವೆಗೆ ನೀರು ಬಿಟ್ಟ ದಿನ ತೂಬಿನ ಬಾಗಿಲು ಗುಂಯ್ಗುಡುವ ದನಿ ತೆಗೆದಿದ್ದ. ಅದಕ್ಕೆ ಬಳಗಾನೂರು ಎಂದು ಹೆಸರಿಟ್ಟಿದ್ದ. ಅಕ್ಕಿ ಗಿರಣಿಯ ತಗಡಿನ ಮೇಲೆ ಆಣೆಕಲ್ಲು ಬಿದ್ದಂಥದ್ದು ಸಾಲಗುಂದ. ಬಂಡೆಗೆ ಬಂಡೆ ತಾಗಿದಂಥದ್ದು ಮಸ್ಕಿ. ತಂತಿಯನ್ನು ಗೇಣಿಗಿಂತ ಗಿಡ್ಡ ಮಾಡಿ, ದಪ್ಪ ಮಾಡಿ, ಸುತ್ತಿಗೆಯನ್ನು ಕಲ್ಲಿನಷ್ಟು ಗಟ್ಟಿ ಮಾಡಿದರೆ ಅದು ತಂತಿಯೆಂಬುದನ್ನೇ ಮರೆತು ಲೋಹದಂತೆ ಕೂಗುತ್ತದೆ ಎಂದು ಕಂಡುಕೊಂಡದ್ದು ಲಿಂಗಸುಗೂರಿನ ಮದುವೆಯ ಮರುವಾರ. ಆ ದನಿಗೆ ಮುದಗಲ್ ಎಂದು ಹೆಸರಿಟ್ಟು, ಸಮಾಧಾನವಾಗದೆ ತಿದ್ದಿ ಮುದಗಲ್ ಎರಡು ಮಾಡಿ, ಮೂರು ಮಾಡಿ, ಈಗ ಇಪ್ಪತ್ತಮೂರಕ್ಕೆ ಬಂದು ನಿಂತಿದ್ದ.

"ಮಸ್ಕಿ ದಾಟ್ಯಾರಂತ!" ಎಂದು ಮಾಮು ಹೊರಕೋಣೆಯಿಂದ ಕೂಗಿದರು. ಇನ್ನು ಅರ್ಧ ಗಂಟೆ. ಟ್ರಿಮ್ಮರ್ ಕೆಳಗಿಟ್ಟು ಹೊರಗೆ ಬಂದ ಇಶ್ತಿಯಾಕ್ ಬಾಗಿಲಲ್ಲೇ ನಿಂತ. ಕೋಣೆಯ ಮೂಲೆಯಲ್ಲಿ ಒಂದು ಪಿಯಾನೋ ಇತ್ತು. ಕೌದಿ ತುಂಬಿಡುವ ದೊಡ್ಡ ಟ್ರಂಕನ್ನು ಮಾಮು ಗೋಡೆಗೆ ಎಳೆದು, ಅದರ ಮೇಲೆ ಅಮ್ಮನ ಮರೂನ್ ಮಖಮಲ್ಲಿನ ಹೊದಿಕೆ ನೆಲದವರೆಗೆ ಇಳಿಬಿಟ್ಟು, ಮೇಲೆ ಇಶ್ತಿಯಾಕನ ನಾಲ್ಕು ಸಪ್ತಕದ ಕೀಬೋರ್ಡನ್ನು ಜೋಡಿಸಿ, ವೈರನ್ನು ಹೊದಿಕೆಯ ಕೆಳಗೆ ತೂರಿಸಿ, ಲ್ಯಾಪ್‌ಟಾಪನ್ನೂ ಸ್ಪೀಕರುಗಳನ್ನೂ ಕಿಟಕಿಯ ಪರದೆಯ ಹಿಂದೆ ಅಡಗಿಸಿಟ್ಟಿದ್ದರು. ಬಾಗಿಲಿನಿಂದ ನೋಡಿದರೆ ಅವನಿಗೇ ಒಂದು ಗಳಿಗೆ ಎದೆ ಉಬ್ಬಿತು. ಆಮೇಲೆ ನಾಚಿಕೆಯಾಯಿತು. ಅಮ್ಮ ಮೆಹರಬಾನು ಅಡುಗೆಮನೆಯಿಂದ ಇಣುಕಿ, ಮನೆಯಲ್ಲಿ ಯಾವಾಗಲೂ ದಖ್ಖನಿ ಆಡುವವಳು ಸಿಟ್ಟಿಗೆ ಮಾತ್ರ ಕನ್ನಡ ಉಪಯೋಗಿಸುವ ತನ್ನ ಪದ್ಧತಿಯಂತೆ, "ನಕ್ಕೋ, ಬ್ಯಾಡ ಅಂದ್ರ ಕೇಳವಲ್ಲ ನನ್ನ ತಮ್ಮ. ಹೆಣ್ಣಿನ ಕಡಿಯವ್ರು ಕೌದಿ ನೋಡಾಕ ಬರಾಕತ್ತಾರೇನು?" ಎಂದಳು. "ಅಕ್ಕಾ, ಒಂದs ಹಾಡು. ಬಾರಿಸಿದ, ಎದ್ದ, ಮುಗೀತು. ಯಾರ್ ಮುಟ್ಟಿ ನೋಡ್ತಾರ?" ಎಂದರು ಮಾಮು. ಇಶ್ತಿಯಾಕ್ ತೆಗೆಯಿರಿ ಎನ್ನಲು ಬಾಯಿ ತೆರೆದ. ಹೊರಗೆ ಬಂದದ್ದು, "ಹೊದಿಕಿ ಬಲಕ್ಕ ಸ್ವಲ್ಪ ಗಿಡ್ಡ ಆಗೈತಿ, ತಗಡು ಕಾಣತೈತಿ" ಎಂಬ ಮಾತು. ಈ ಸಲ ಕತ್ತಿನ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ.

ಕಾರಿನಿಂದ ಇಳಿದವರು ಇಬ್ಬರೇ: ಖಾದರಬಾಷಾ, ಮತ್ತು ಮುದಗಲ್ಲಿನಲ್ಲಿ ಅವರ ಅಂಗಡಿಗೆ ಅಂಗಡಿ ಹಚ್ಚಿ ಹಗ್ಗ ಕಣ್ಣಿ ಮಾರುವ ಪಂಪಣ್ಣ. ಖಾದರಬಾಷಾರ ಮನೆಯ ಯಾವ ಸಂಬಂಧವೂ ಪಂಪಣ್ಣ ನೋಡಿ ಹೂಂ ಎನ್ನದೆ ಆಗಿದ್ದಿಲ್ಲವಂತೆ. ಪಂಪಣ್ಣ ಇದ್ದುದರಿಂದ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಮಳೆ, ಕಾಲುವೆ ನೀರು, ಲಿಂಗಸುಗೂರಿನಿಂದ ಈಚೆಗಿನ ರಸ್ತೆಯ ತಗ್ಗುಗಳು. ಖಾದರಬಾಷಾ ಕಡಿಮೆ ಮಾತಿನವರು. ಬೆರಳಲ್ಲಿ ದಪ್ಪ ಬೆಳ್ಳಿಯುಂಗುರ. ಅಮ್ಮ ತಂದಿಟ್ಟ ನೀರಿನ ಚೊಂಬನ್ನು ಎತ್ತಿಕೊಳ್ಳುವ ಮುಂಚೆ ಅದರ ಕಂಠಕ್ಕೆ ಉಂಗುರದಿಂದ ಟಣ್ ಎಂದು ಒಂದು ಸಲ ಬಡಿದು, ಕೇಳಿಸಿಕೊಂಡು, ಕುಡಿದರು. ತಟ್ಟೆಗೂ ಹಾಗೇ, ಲೋಟಕ್ಕೂ ಹಾಗೇ. "ಮನಸಿಗೆ ಹಚ್ಕೋಬ್ಯಾಡ್ರಿ. ನಲವತ್ತು ವರ್ಷ ಪಾತ್ರೆ ಬಡದು ಬಡದು ಚಟ ಆಗೈತಿ" ಎಂದು ಪಂಪಣ್ಣ ನಕ್ಕ. "ಮನ್ನಿ ಸಂತ್ಯಾಗ ಕುಂಬಳಕಾಯಿಗೂ ಬಡದ." ಎಲ್ಲರೂ ನಕ್ಕರು. ಇಶ್ತಿಯಾಕನೊಬ್ಬ ಟ್ರಂಕಿನ ಕಡೆ ನೋಡದಿರುವ ಕೆಲಸದಲ್ಲಿ ಮುಳುಗಿದ್ದ. ಖಾದರಬಾಷಾರ ಕಣ್ಣು ಆಗಲೇ ಎರಡು ಸಲ ಅಲ್ಲಿಗೆ ಹೋಗಿ ಬಂದಿತ್ತು.

"ಬಾರಸು ತಮ್ಮಾ, ಕೇಳೂಣು" ಎಂದರು ಅವರು. ಇಶ್ತಿಯಾಕ್ ಎದ್ದ. ಮಾಮು ಪರದೆಯ ಪಕ್ಕ ಗಾಳಿ ತೆಗೆದುಕೊಳ್ಳುವವರ ಹಾಗೆ ನಿಂತು ಸ್ಪೀಕರಿನ ಸ್ವಿಚ್ಚು ಹಾಕಿದರು. ಇಶ್ತಿಯಾಕ್ ಒಂದು ನಿಧಾನದ ಹಾಡು ಹಿಡಿದ. ನಾಲ್ಕು ಸಾಲು ಚಂದಾಗಿ ಬಂತು. ಪಂಪಣ್ಣ ತಲೆದೂಗಿದ. ಅಮ್ಮನ ಮುಖ ಸಡಿಲವಾಯಿತು. ಐದನೆಯ ಸಾಲಿಗೆ ಫ್ಯಾನು ನಿಧಾನವಾಯಿತು, ಟ್ಯೂಬ್‌ಲೈಟು ಆರಿತು, ಮತ್ತು ಪಿಯಾನೋ ಸತ್ತಿತು. ಇಶ್ತಿಯಾಕನ ಬೆರಳು ಇನ್ನೂ ಬಾರಿಸುತ್ತಲೇ ಇದ್ದವು. ಪ್ಲಾಸ್ಟಿಕ್ಕಿನ ಟಕಟಕ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇರಲಿಲ್ಲ. ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆ ಎಂದು ಅವನು ಮೂರ್ಖನಂತೆ ಇನ್ನೂ ಒಂದು ಸಾಲು ಸದ್ದಿಲ್ಲದೆ ಬಾರಿಸಿದ. "ಪಿಯಾನೋಕ್ಕೂ ಕರೆಂಟ್ ಬೇಕೇನ್ರಿ?" ಎಂದು ಪಂಪಣ್ಣ ಕೇಳಿದ, ಚುಚ್ಚಿ ಅಲ್ಲ, ತಿಳಿದುಕೊಳ್ಳಲೆಂದೇ. "ಈಗಿನವಕ್ಕ ಬೇಕಾಗತೈತ್ರಿ" ಎಂದರು ಮಾಮು. ಖಾದರಬಾಷಾ ಲೋಟ ಕೆಳಗಿಟ್ಟರು. ಎದ್ದು ಬಂದರು. ಪಿಯಾನೋದ ಪಕ್ಕ ನಿಂತು, ಮಖಮಲ್ಲಿನ ಮೇಲೆ ಬೆರಳು ಮಡಚಿ ಉಂಗುರದಿಂದ ಬಡಿದರು. ಸ್ವಲ್ಪ ಕೆಳಗೆ ಇನ್ನೊಂದು ಸಲ. ಮೂಲೆಯಲ್ಲಿ ಮತ್ತೊಂದು ಸಲ.

"ತಗಡು" ಎಂದರು. "ಇಪ್ಪತ್ತು ಗೇಜಿಂದು. ಒಳಗ ಅರಿವಿ ತುಂಬ್ಯಾವ." ಇನ್ನೊಮ್ಮೆ ಬಡಿದು, "ಕೌದಿ" ಎಂದು ತಿದ್ದಿಕೊಂಡರು.

ಅಮ್ಮ ಸೆರಗು ಬಾಯಿಗೆ ಹಿಡಿದಳು. ಮಾಮು ಬಾಗಿಲು ಎಷ್ಟು ದೂರವಿದೆ ಎಂದು ಅಳೆಯುತ್ತಿದ್ದರು. ಇಶ್ತಿಯಾಕನಿಗೆ ಕಿವಿಯ ತುದಿ ಬಿಸಿಯಾಗಿ, ಯಾಕೋ ಐದನೆಯ ಇಯತ್ತೆಯಲ್ಲಿ ಮಾಸ್ತರು ಎಲ್ಲರ ಎದುರು ಅವನ ಚೀಲ ತೆಗೆಸಿ ಒಳಗಿನ ಅರ್ಧ ಕಡಿದ ಪೇರಲ ಹಣ್ಣನ್ನು ಎತ್ತಿ ತೋರಿಸಿದ್ದು ನೆನಪಾಯಿತು. ಅವತ್ತೂ ಹೀಗೇ ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದ. ಹೆಬ್ಬೆರಳಿನ ಉಗುರು ಇವತ್ತೂ ಕತ್ತರಿಸಿಲ್ಲ, ಅದನ್ನೂ ನೋಡಿರುತ್ತಾರೆ, ಮುದಗಲ್ಲಿಗೆ ಹೋಗಿ ಹೇಳುತ್ತಾರೆ, ಅವಳು ನಗುತ್ತಾಳೆ, ಅಥವಾ ನಗುವುದೂ ಇಲ್ಲ, ಮಷಿನ್ ಹಿಡಿದು ಯಾವುದೋ ಡಬರಿಯ ಮೇಲೆ ಯಾರದೋ ಹೆಸರು ಬರೆಯುತ್ತ ಆಯಿತು ಬಿಡ್ರಿ ಎನ್ನುತ್ತಾಳೆ. ಹೋಯಿತು ಎಂದುಕೊಂಡ. ಹೋಯಿತು ಎಂದುಕೊಂಡ ಮೇಲೆ ಆಶ್ಚರ್ಯವೆಂಬಂತೆ ಎದೆ ಹಗುರಾಯಿತು. ತಿಂಗಳಿನಿಂದ ಹೊತ್ತ ಪಿಯಾನೋವನ್ನು ಯಾರೋ ಇಳಿಸಿಕೊಂಡ ಹಾಗಾಯಿತು. "ಚಾಚಾ, ಪಿಯಾನೋ ಇಲ್ರಿ" ಎಂದ. ದನಿ ಅವನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಮದಿವ್ಯಾಗ ನೀವು ಕೇಳಿದಾಗ ಹೌದಂದೆ. ನಾನs ಅಂದೆ, ಮಾಮು ಅಲ್ಲ. ಆ ಮ್ಯಾಲ ಹೇಳೂದಕ್ಕ ಧೈರ್ಯ ಆಗ್ಲಿಲ್ಲ. ನಂದು ಏನೈತಿ ಅದು ಇಷ್ಟs." ಪರದೆ ಸರಿಸಿ ಲ್ಯಾಪ್‌ಟಾಪನ್ನು ಎತ್ತಿ ತಂದು ಟ್ರಂಕಿನ ಮೇಲಿಟ್ಟ.

ಖಾದರಬಾಷಾ ಲ್ಯಾಪ್‌ಟಾಪನ್ನು ನೋಡಿದರು. ಅದಕ್ಕೆ ಬಡಿಯಲಿಲ್ಲ. "ಇದರಾಗ ಏನೈತಿ?" ಎಂದರು. ಹೊರಡಬೇಕಾದವರು ಕೇಳುವ ಪ್ರಶ್ನೆ ಅದಲ್ಲ. ಇಶ್ತಿಯಾಕ್ ಹೇಳತೊಡಗಿದ. ತಂತಿ, ಸುತ್ತಿಗೆ, ಹಲಗೆ, ಉದ್ದ, ದಪ್ಪ. ಹೇಳುತ್ತ ಹೇಳುತ್ತ ತಾನು ಯಾವ ಪರೀಕ್ಷೆಗೆ ಕೂತಿದ್ದೇನೆಂಬುದೇ ಮರೆತುಹೋಯಿತು. ದನಿ ಯಾರದೂ ಅಲ್ಲ, ಕದ್ದು ತಂದದ್ದಲ್ಲ, ವಸ್ತು ಹೇಗಿದೆ ಎಂದಷ್ಟೇ ಹೇಳಿದರೆ ದನಿ ತಾನೇ ಹುಟ್ಟುತ್ತದೆ ಎಂದಾಗ ಖಾದರಬಾಷಾರ ಹುಬ್ಬು ಒಂದಿಷ್ಟು ಮೇಲೇರಿತು. "ಅಂದ್ರ ದಪ್ಪ ಎಷ್ಟು ಅಂತ ನೀ ಹೇಳಿದ್ರ, ದನಿ ಅದು ಹೇಳತೈತಿ. ನಾ ತಿರುವುಮುರುವು. ನನಗ ದನಿ ಕೇಳಿದ್ರ ದಪ್ಪ ಗೊತ್ತಾಗತೈತಿ." ಅಷ್ಟು ಉದ್ದದ ಮಾತು ಅವರು ಬಂದ ಮೇಲೆ ಇದೇ ಮೊದಲು. "ಕೇಳಸು."

ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಸ್ಪೀಕರಿಗೆ ಕರೆಂಟಿಲ್ಲ. ಉಳಿದದ್ದು ಹೆಡ್‌ಫೋನು. ಖಾದರಬಾಷಾ ತಲೆಯ ಟೋಪಿ ತೆಗೆದು ಪಂಪಣ್ಣನ ಕೈಗೆ ಕೊಟ್ಟು, ಹೆಡ್‌ಫೋನು ಏರಿಸಿಕೊಂಡು, ಟ್ರಂಕಿನ ಮುಂದಿನ ಸ್ಟೂಲಿನ ಮೇಲೆ ಕೂತರು. ಇಶ್ತಿಯಾಕ್ ಮುದಗಲ್ ಇಪ್ಪತ್ತಮೂರು ತೆರೆದ. ಬಾರಿಸಲು ಕೈ ಚಾಚಿದ್ದನ್ನು ಅವರು ಸರಿಸಿ, ತಮ್ಮ ಬೆರಳನ್ನೇ ಮಡಚಿ, ಸಂತೆಯಲ್ಲಿ ಸಾಲಾಗಿಟ್ಟ ಹಂಡೆಗಳನ್ನು ನೋಡುತ್ತ ಹೋಗುವವರಂತೆ, ಎಡದಿಂದ ಕೀಬೋರ್ಡಿನ ಒಂದೊಂದೇ ಮನೆಯನ್ನು ಉಂಗುರದಿಂದ ಕುಟ್ಟುತ್ತ ಹೊರಟರು. ಕೋಣೆಯಲ್ಲಿದ್ದವರಿಗೆ ಕೇಳಿಸಿದ್ದು ಬರೀ ಟಕ್, ಟಕ್. ದನಿ ಇದ್ದದ್ದು ಅವರೊಬ್ಬರ ಕಿವಿಯಲ್ಲಿ. ಇಶ್ತಿಯಾಕನಿಗೆ ನೋಡಲು ಉಳಿದದ್ದು ಅವರ ಮುಖ ಮಾತ್ರ. ಕಣ್ಣು ಮುಚ್ಚಿದರು. ನಾಲ್ಕು ಮನೆ ದಾಟಿದ ಮೇಲೆ ತುಟಿಯ ಒಂದು ಕೊನೆ ಅಲುಗಿತು. "ಕಂಚು!" ಎಂದು ಹೆಡ್‌ಫೋನು ಹಾಕಿಕೊಂಡವರೆಲ್ಲ ಕೂಗುವ ಹಾಗೆ ಕೂಗಿದರು. ಅಮ್ಮ ಬೆಚ್ಚಿದಳು. "ತವರ ಸ್ವಲ್ಪ ಜಾಸ್ತಿ ಬಿದ್ದೈತಿ!" ಇನ್ನೂ ಮುಂದೆ ಹೋಗಿ, "ಇದು ನಮ್ಮಪ್ಪನ ಕಾಲದ ಹರಿವಾಣ ಬೇ!" ಎಂದು ಯಾರಿಗೋ ಹೇಳಿದರು. ಪಂಪಣ್ಣ ಬಗ್ಗಿ ಸ್ಕ್ರೀನು ಓದಿದ. ಮುದಗಲ್ ಎಂದಿದ್ದುದನ್ನೂ ಮುಂದಿನ ಅಂಕಿಯನ್ನೂ ಓದಿ, ಕೆಳಗಿನ ಸಾಲಿನಲ್ಲಿ ಇಪ್ಪತ್ತೆರಡು, ಇಪ್ಪತ್ತೊಂದು ಎಂದು ಇಳಿದುಹೋದ ಪಟ್ಟಿಯನ್ನೂ ಓದಿ, ಇಶ್ತಿಯಾಕನ ಕಡೆ ತಿರುಗಿದ. "ಇಪ್ಪತ್ಮೂರು ಸಲ ನಮ್ಮೂರಿಗೆ ಬಂದು ಹೋಗೀಯಲ್ಲೋ ತಮ್ಮಾ" ಎಂದ ಮೆಲ್ಲಗೆ, "ಒಂದ್ಸಲ ಚಾ ಕುಡ್ಯಾಕರ ಬರಬಾರದಾ?" ಇಶ್ತಿಯಾಕ್ ನೆಲ ನೋಡಿದ, ನಗು ಮಾತ್ರ ತಡೆಯಲಾಗಲಿಲ್ಲ.

ಖಾದರಬಾಷಾರ ಬೆರಳು ಒಂದು ಮನೆಯ ಮೇಲೆ ನಿಂತಿತು. ಕುಟ್ಟಿದರು. ತಲೆ ವಾಲಿಸಿ ಮತ್ತೆ ಕುಟ್ಟಿದರು. ಪಕ್ಕದ ಎರಡನ್ನು ಕುಟ್ಟಿ ನೋಡಿ ಮತ್ತೆ ಅದಕ್ಕೇ ಬಂದರು. ಹೆಡ್‌ಫೋನನ್ನು ಕೊರಳಿಗಿಳಿಸಿ, "ಇದು ಒಡದೈತಿ" ಎಂದರು. "ಕೂದಲ ಎಳಿಯಷ್ಟು ಬಿರುಕು, ಕಂಠದ ಹತ್ರ. ನೀನs ಇಟ್ಟಿಯೋ, ಆಗಿ ಹೋತೋ?"

ಇಶ್ತಿಯಾಕನಿಗೆ ಆ ಸ್ವರ ಗೊತ್ತಿತ್ತು. ಇಂಥ ದನಿಗಳನ್ನು ಮಾಡುವವರ ಆನ್‌ಲೈನ್ ಗುಂಪಿಗೆ ಮುದಗಲ್ಲನ್ನು ಕಳಿಸಿದಾಗ, ಯಾವುದೋ ದೇಶದವನೊಬ್ಬ ಅದೊಂದು ಸ್ವರವನ್ನೇ ಹೊಗಳಿ, ಆ ಅದುರು ಹೇಗೆ ತಂದಿರಿ, ಪ್ರತಿಭೆ ಎಂದರೆ ಇದು ಎಂದು ಬರೆದಿದ್ದ. ಇಶ್ತಿಯಾಕ್ ಅದಕ್ಕೆ ಒಂದು ನಗುಮುಖ ಹಾಕಿ, ಅದು ಗುಟ್ಟು ಎಂದು ಉತ್ತರಿಸಿದ್ದ. ಹೇಗೆ ಬಂತೆಂದು ಅವನಿಗೇ ತಿಳಿದಿರಲಿಲ್ಲ. ಈಗಲೂ ನಾನೇ ಇಟ್ಟದ್ದು ಎಂದುಬಿಟ್ಟರೆ ಎಲ್ಲ ಸರಿಹೋಗುವಂತಿತ್ತು. ಪಿಯಾನೋ ಇಲ್ಲದಿದ್ದರೂ ಕಸುಬಿನವನು ಅನ್ನಿಸಿಕೊಳ್ಳುತ್ತಿದ್ದ. ಮಾಮು ಹಿಂದಿನಿಂದ "ಅಂವನs ಇಟ್ಟಾನ್ರಿ, ಬೇಕಂತನ" ಎಂದೂಬಿಟ್ಟರು. ಕತ್ತಿನ ನರ ಮೇಲಕ್ಕೆ ಎಳೆದದ್ದು ಇಶ್ತಿಯಾಕನಿಗೆ ಗೊತ್ತಾಯಿತು. ಅವನು ಎಡಗೈಯಿಂದ ಕತ್ತಿನ ಹಿಂಭಾಗವನ್ನು ಹಿಡಿದುಕೊಂಡ.

"ಇಲ್ರಿ ಚಾಚಾ. ಹೆಂಗ ಬಂತು ಅಂತ ನನಗ ಗೊತ್ತs ಇರಲಿಲ್ಲ. ಎಲ್ಲೋ ಕೈ ತಪ್ಪೇತಿ." ಆ ಸ್ವರದ ಕಿಟಕಿಯನ್ನು ತೆರೆದು ನೋಡಿದ. ಒಂದೊಂದು ಸ್ವರಕ್ಕೂ ಮೂರು ತಂತಿ. ಉಳಿದ ಕಡೆಯೆಲ್ಲ ಒಂದಕ್ಕೊಂದು ಹೊಂದಿದ್ದವು, ಇಲ್ಲಿ ಒಂದು ಮಾತ್ರ ಮೌಸಿನ ಎಳೆತಕ್ಕೆ ಸಿಕ್ಕಿ ಪಕ್ಕಕ್ಕೆ ಸರಿದಿತ್ತು. "ನೋಡ್ರಿ, ಇದು ಸರದೈತಿ. ನನಗಿಂತ ಮೊದಲ ನಿಮಗ ಗೊತ್ತಾತು." ತೋರಿಸಿದ ಗೆರೆಯನ್ನು ಖಾದರಬಾಷಾ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಎದ್ದು ನಿಂತಾಗ ಆ ಮುಖದಲ್ಲಿ ಇದ್ದದ್ದು ಸಂತೋಷ. ಮುಚ್ಚಿಡಲು ಬಾರದಂಥ, ಹುಡುಗರ ಸಂತೋಷ. "ನೋಡ್ದೇನು ಪಂಪಣ್ಣ? ಕಿವಿ ಮಂದ ಆಗ್ಯಾವ ಅಂತಾವ ನಮ್ಮ ಹುಡುಗ್ರು. ಇಲ್ಲದ ಪಾತ್ರಿ ಬಿರುಕು ಹಿಡದೀನಿ ನಾನು!" ಪಂಪಣ್ಣ ಟೋಪಿ ತಿರುಗಿ ಕೊಡುತ್ತ, "ಹಿಡದಿ ಬಿಡಪಾ. ಇನ್ನ ಮುದಗಲ್ಲಾಗ ನಿನ್ನ ಕೈಯಾಗ ಯಾರೂ ಬಾಳೂದಿಲ್ಲ" ಎಂದ.

ಅದೇ ಹೊತ್ತಿಗೆ ಪಂಪಣ್ಣನ ಮೊಬೈಲು ರಿಂಗಾಯಿತು. ಅವನ ಹೆಂಡತಿ ಶೇಖಮ್ಮ, ಖಾದರಬಾಷಾರ ಮನೆಯಲ್ಲಿ ಹೆಂಗಸರ ನಡುವೆ ಬೆಳಗಿನಿಂದ ಕಾದು ಕೂತವಳು. ಸ್ಪೀಕರ್ ಹಾಕಿದ್ದೇ ತಡ, "ಏನಾತ್ರಿ? ಪಿಯಾನೋ ಎಷ್ಟ್ ದೊಡ್ಡದೈತಿ?" ಎಂಬ ಪ್ರಶ್ನೆ ಕೋಣೆ ತುಂಬಿತು. ಹಿಂದೆ ಬಳೆಗಳ ಸದ್ದು, ಯಾರೋ ಯಾರನ್ನೋ ಸುಮ್ಮನಿರಿಸುವ ಸದ್ದು. ಪಂಪಣ್ಣ ಏನು ಹೇಳಲಿ ಎನ್ನುವಂತೆ ಗೆಳೆಯನ ಮುಖ ನೋಡಿದ. ಖಾದರಬಾಷಾ ಕೈ ಚಾಚಿ ಫೋನು ಇಸಿದುಕೊಂಡರು. ಅಮ್ಮ ಅಡುಗೆಮನೆಯ ಬಾಗಿಲನ್ನು ಹಿಡಿದುಕೊಂಡಳು. ಇಶ್ತಿಯಾಕ್ ಮತ್ತೆ ಕತ್ತಿನ ಹಿಂಭಾಗವನ್ನು ಹಿಡಿದುಕೊಂಡ.

"ಯಕ್ಕಾ, ಪಿಯಾನೋ ಸುಳ್ಳು" ಎಂದರು ಖಾದರಬಾಷಾ. ಆ ಕಡೆ ಬಳೆಗಳ ಸದ್ದೆಲ್ಲ ನಿಂತಿತು. "ಹುಡುಗ ಖರೇ ಅದಾನ."

ಫೋನಿನಲ್ಲಿ ಯಾರೋ ಕಿಲಕ್ಕನೆ ನಕ್ಕರು. ನಕ್ಕದ್ದು ಶೇಖಮ್ಮ ಅಲ್ಲ.